ಚಾರಣಕ್ಕೆ ಯಾವ ಬಟ್ಟೆ? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯಿಂದ ಘಟ್ಟ ಹತ್ತುವವರು, ಹಿಮಾಲಯಕ್ಕೆ ಹೊರಟವರು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರು ಬಟ್ಟೆಯ ವಿಷಯದಲ್ಲಿ ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಚಾರಣದ ಬಟ್ಟೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ಮತ್ತು ಒಣಹವೆಯ ನಾಡುಗಳಲ್ಲಿ ಹುಟ್ಟಿದವು. ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಿನವರಿಗೆ ಅವು ಹಾಗೆಯೇ ಹೊಂದುವುದಿಲ್ಲ. ಬಟ್ಟೆ ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎನ್ನುವುದೇ ನಮಗೆ ಮೊದಲ ಲೆಕ್ಕ. ಬೆಲೆ, ಹೆಸರು, ಬಣ್ಣ ಎಲ್ಲ ಆಮೇಲೆ.

## ಮೊದಲ ಸಲ ಹೊರಡುವವರಿಗೆ

ದಿನಾ ಹಾಕುವ ಕಾಟನ್ ಟೀ ಶರ್ಟ್‌ನಲ್ಲೇ ಹೋದರೆ ಎಂತ ಆಗುತ್ತದೆ?

ಹತ್ತಿಯ ನೂಲು ನೀರನ್ನು ತನ್ನ ಒಳಗೇ ಎಳೆದುಕೊಳ್ಳುತ್ತದೆ. ಪೂರ್ತಿ ನೆನೆದ ಕಾಟನ್ ಟೀ ಶರ್ಟ್ ತನ್ನ ತೂಕದಷ್ಟೋ ಅದಕ್ಕಿಂತ ಹೆಚ್ಚೋ ನೀರು ಹೊತ್ತುಕೊಂಡು ಮೈಗೆ ಅಂಟಿಕೊಳ್ಳುತ್ತದೆ. ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತುವಾಗ ಗಿರಿಗದ್ದೆಯವರೆಗಿನ ಕಾಡಿನಲ್ಲೇ ಅಂಗಿ ಬೆವರಿನಿಂದ ತೊಯ್ದು ಹೋಗುತ್ತದೆ. ಮುಂದೆ ಬಯಲು ಹುಲ್ಲುಗಾವಲಿಗೆ ಬಂದಾಗ ಗಾಳಿ ನೇರ ಎದೆಗೆ ಹೊಡೆಯುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುವುದರಿಂದ, ಒದ್ದೆ ಅಂಗಿಯಲ್ಲಿ ಕುಳಿತು ಬುತ್ತಿ ಬಿಚ್ಚುವಷ್ಟರಲ್ಲಿ ನಡುಕ ಹುಟ್ಟುತ್ತದೆ. ಪ್ರತಿ 1,000 ಮೀಟರ್ ಏರಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕುಮಾರ ಪರ್ವತದ ತುದಿ 1,712 ಮೀಟರ್. ಕೆಳಗಿನ ಸೆಕೆ ನೋಡಿ ಮೇಲಿನ ಹವೆ ಅಂದಾಜು ಮಾಡಬೇಡಿ.

ಇದಕ್ಕೆ ಒಂದು ವಿನಾಯಿತಿ ಇದೆ. ಫೆಬ್ರವರಿ, ಮಾರ್ಚ್‌ನ ಬಿಸಿಲಿನಲ್ಲಿ ತಗ್ಗಿನ ದಾರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವುದಾದರೆ ತೆಳು ಹತ್ತಿಯ ಒದ್ದೆಯೇ ಮೈ ತಂಪು ಮಾಡುತ್ತದೆ.

ಜೀನ್ಸ್ ಗಟ್ಟಿ ಇರುತ್ತದಲ್ಲ, ಅದು ಆಗುವುದಿಲ್ಲವಾ?

ಬೇಡ. ಒಣಗಿರುವಾಗಲೇ ಅರ್ಧ ಕಿಲೋ ಮೀರುತ್ತದೆ, ಒಂದು ಹಳ್ಳ ದಾಟಿದರೆ ಕಿಲೋ ದಾಟುತ್ತದೆ. ಒದ್ದೆಯಾದ ಡೆನಿಮ್ ಮಂಡಿ ಮಡಚುವಾಗ ತೊಡೆಯನ್ನು ಹಿಡಿದೆಳೆಯುತ್ತದೆ, ದಪ್ಪ ಹೊಲಿಗೆ ಚರ್ಮ ಕೆತ್ತುತ್ತದೆ, ಮರುದಿನ ಬೆಳಿಗ್ಗೆಗೂ ಒಣಗಿರುವುದಿಲ್ಲ.

ಕ್ರಿಕೆಟ್ ಟೂರ್ನಮೆಂಟಿನ ಜೆರ್ಸಿ ಮನೆಯಲ್ಲಿ ರಾಶಿ ಇದೆ ಮಾರಾಯ್ರೆ, ಅದೇ ಸಾಕಲ್ವಾ?

ಧಾರಾಳ ಸಾಕು. ನಮ್ಮ ಊರಿನ ಕ್ರಿಕೆಟ್, ಕಬಡ್ಡಿ ಜೆರ್ಸಿಗಳು ಹೆಚ್ಚಾಗಿ ಪೂರ್ತಿ ಪಾಲಿಯೆಸ್ಟರ್. ಚಾರಣದ್ದೆಂದು ದುಬಾರಿಗೆ ಮಾರುವ ಎಷ್ಟೋ ಟೀ ಶರ್ಟ್‌ಗಳೂ ಅದೇ ನೂಲಿನವು. ಮೂರು ಸಂಗತಿ ನೋಡಿಕೊಳ್ಳಿ. ಹೆಸರು, ನಂಬರು ಬಟ್ಟೆಯೊಳಗೇ ಬಣ್ಣವಾಗಿ ಇಳಿದಿರಬೇಕು. ರಬ್ಬರಿನಂತೆ ಮೇಲೆ ಅಂಟಿಸಿದ್ದರೆ ಬ್ಯಾಗು ಒತ್ತುವ ಬೆನ್ನಿನ ಭಾಗದಿಂದ ಬೆವರು ಹೊರಹೋಗುವುದಿಲ್ಲ. ಭುಜದ ಮೇಲೆ ದಪ್ಪ ಹೊಲಿಗೆ ಇರಬಾರದು. ಕಾಲರ್ ಇದ್ದರೆ ಒಳ್ಳೆಯದು, ಕುತ್ತಿಗೆ ಬಿಸಿಲಿಗೆ ಸುಡುವುದಿಲ್ಲ. ಉದ್ದ ತೋಳಿನ ಜೆರ್ಸಿ ಇದ್ದರೆ ಅದನ್ನೇ ಆರಿಸಿ.

ಲೇಬಲ್‌ನಲ್ಲಿ ಎಂತ ನೋಡುವುದು?

ನೂಲಿನ ಪಾಲು ಮತ್ತು ಜಿಎಸ್‌ಎಂ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. ಕರಾವಳಿ ಮತ್ತು ಘಟ್ಟಕ್ಕೆ ಮೇಲಂಗಿ 100ರಿಂದ 140ರೊಳಗೆ ಇರಲಿ, ಪ್ಯಾಂಟು 160 ಮೀರದಿರಲಿ. ಹಿಗ್ಗುವ ಎಲಾಸ್ಟೇನ್ ಅಂಗಿಯಲ್ಲಿ ಬೇಕಾಗಿಲ್ಲ. ಪ್ಯಾಂಟಿನಲ್ಲಿ ನೂರಕ್ಕೆ 5ರಷ್ಟು ಇದ್ದರೆ ಬಂಡೆ ಹತ್ತುವಾಗ ಸುಖ. 10 ದಾಟಿದರೆ ಒಣಗುವುದು ನಿಧಾನ.

ಸರ್ಪ್ಲಸ್ ಅಂಗಡಿಯಲ್ಲಿ ಲೇಬಲ್ಲೇ ಕತ್ತರಿಸಿರುತ್ತಾರೆ. ಯಾವ ಬಟ್ಟೆಯೆಂದು ಗೊತ್ತಾಗುವುದು ಹೇಗೆ?

ಒಳಹೊಲಿಗೆಯಿಂದ ಎರಡು ಎಳೆ ಕಿತ್ತು, ಚಿಮಟಿಯಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತೋರಿಸಿ. ಹೊಲಿಗೆಯ ದಾರ ಬೇಡ, ಬಟ್ಟೆಯ ಎಳೆಯೇ ಬೇಕು. ಕಾಗದದಂತೆ ಉರಿದು ಮೃದು ಬೂದಿಯಾದರೆ ಹತ್ತಿ ಅಥವಾ ವಿಸ್ಕೋಸ್. ಕೂದಲು ಸುಟ್ಟ ವಾಸನೆ ಬಂದು ತಾನಾಗಿ ಆರಿದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕಪ್ಪು ಹೊಗೆ ಜಾಸ್ತಿ ಇದ್ದರೆ ಪಾಲಿಯೆಸ್ಟರ್ ಇರಬಹುದು. ಬೂದಿಯೂ ಮಣಿಯೂ ಎರಡೂ ಸಿಕ್ಕಿದರೆ ಮಿಶ್ರಣ. ಚಾರಣದಲ್ಲಿ ಬೆಂಕಿಯ ಹತ್ತಿರ ಸಿಂಥೆಟಿಕ್ ಹಾಕಿ ಕೂರಬಾರದು ಎನ್ನುವುದಕ್ಕೂ ಈ ಮಣಿಯೇ ಕಾರಣ, ಕಿಡಿ ಬಿದ್ದಲ್ಲಿ ಬಟ್ಟೆ ಕರಗಿ ಚರ್ಮಕ್ಕೆ ಹಿಡಿಯುತ್ತದೆ.

ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಅಡುಗೆಮನೆಯ ತಕ್ಕಡಿಯಲ್ಲಿದೆ. ಒಣ ಅಂಗಿ ತೂಗಿ. 10 ನಿಮಿಷ ನೀರಿನಲ್ಲಿ ನೆನೆಸಿ, ಹನಿ ನಿಲ್ಲುವವರೆಗೆ ಕೈಯಲ್ಲಿ ಹಿಂಡಿ ಮತ್ತೆ ತೂಗಿ. 140 ಗ್ರಾಂನ ಅಂಗಿ ಹಿಂಡಿದ ಮೇಲೆ 230 ಗ್ರಾಂ ಬಂದರೆ 90 ಗ್ರಾಂ ನೀರು ಒಳಗೆ ಉಳಿದಿದೆ. ಒಣ ತೂಕದ ಮುಕ್ಕಾಲು ಪಾಲಿಗಿಂತ ಕಡಿಮೆ ನೀರು ಉಳಿದರೆ ಚಾರಣಕ್ಕೆ ಸೇರಿಸಿ. ಒಣ ತೂಕವನ್ನೇ ಮೀರಿದರೆ ಮನೆಯಲ್ಲಿ ಬಿಡಿ. ಆಮೇಲೆ ಅದನ್ನು ಫ್ಯಾನ್ ಇಲ್ಲದ ಕೋಣೆಯಲ್ಲಿ ನೇತುಹಾಕಿ ಎಷ್ಟು ಗಂಟೆಗೆ ಒಣಗಿತು ಎಂದು ಬರೆದಿಡಿ. ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ, ಆಗ ಬರುವ ಉತ್ತರ ನಂಬುವಂಥದ್ದು.

## ನೂಲಿನಿಂದ ನೂಲಿಗೆ

ಪಾಲಿಯೆಸ್ಟರ್ ಅಂಗಿ ಒಂದೇ ದಿನಕ್ಕೆ ಯಾಕೆ ಅಷ್ಟು ನಾರುತ್ತದೆ?

ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಬೆವರಿನ ಜೊತೆ ಬರುವ ಜಿಡ್ಡಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ವಾಸನೆ ಹುಟ್ಟುತ್ತದೆ. ತಣ್ಣೀರಿನಲ್ಲಿ ಬರಿದೇ ಜಾಲಾಡಿದರೆ ಜಿಡ್ಡು ಹೋಗುವುದಿಲ್ಲ. ಒಗೆದು ಒಣಗಿಸಿದ ಅಂಗಿಯೂ ಮೈಬಿಸಿ ತಾಗಿದ ಕೂಡಲೇ ನಾರುವುದು ಇದಕ್ಕೇ.

ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಸಾಬೂನು ಪುಡಿಯಲ್ಲಿ ಉಗುರುಬೆಚ್ಚಗಿನ ನೀರಿನಿಂದ ಒಗೆಯಿರಿ. ಒಳಮಗ್ಗುಲು ಹೊರಗೆ ಮಾಡಿ ಒಗೆಯಬೇಕು. ಬಟ್ಟೆ ಮೃದು ಮಾಡುವ ಪರಿಮಳದ ದ್ರವ ಹಾಕಲೇಬೇಡಿ, ಅದು ಎಳೆಗಳ ಮೇಲೆ ಮೇಣದಂಥ ಪದರ ಬಿಟ್ಟು ಬೆವರು ಹರಡುವುದನ್ನು ತಡೆಯುತ್ತದೆ. ಬೆಳ್ಳಿಯ ಅಂಶ ಲೇಪಿಸಿದ್ದೇವೆ, ವಾಸನೆ ಬರುವುದಿಲ್ಲ ಎಂದು ಮಾರುವ ಅಂಗಿಗಳ ಗುಣ ಒಗೆದಂತೆ ಕಡಿಮೆಯಾಗುತ್ತದೆ; ಅದಕ್ಕೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ.

ಮೆರಿನೋ ಉಣ್ಣೆ ಅಂತೆ! ನಮ್ಮ ಸೆಕೆಗೆ ಉಣ್ಣೆ ಹಾಕುವುದಾ?

ಮೆರಿನೋ ನಮ್ಮ ಕಂಬಳಿಯಂತೆ ಚುಚ್ಚುವುದಿಲ್ಲ. ಅದರ ಎಳೆ ಸುಮಾರು 17ರಿಂದ 19 ಮೈಕ್ರಾನ್ ದಪ್ಪ, ಅಷ್ಟು ಸಪೂರ ಇರುವಾಗ ಚರ್ಮಕ್ಕೆ ತಾಗಿದರೆ ಬಾಗಿಬಿಡುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ಹಬೆಯನ್ನು ಎಳೆಯ ಒಳಗೇ ಇಟ್ಟುಕೊಂಡರೂ ಮೇಲೆ ಒದ್ದೆ ಅನ್ನಿಸುವುದಿಲ್ಲ. ನಾಲ್ಕೈದು ದಿನ ಒಗೆಯದೆ ಹಾಕಿದರೂ ನಾರದು. ಹಿಮಾಲಯದ ವಾರದ ನಡಿಗೆಗೆ 150 ಜಿಎಸ್‌ಎಂನ ಒಂದು ಮೆರಿನೋ ಅಂಗಿ ಇದ್ದರೆ ಹಣ ಸಾರ್ಥಕ.

ಆದರೆ ಮಳೆಗಾಲದ ಘಟ್ಟಕ್ಕೆ ಬೇಡ. ಪೂರ್ತಿ ನೆನೆದರೆ ಒಣಗಲು ಪಾಲಿಯೆಸ್ಟರ್‌ಗಿಂತ ಹೆಚ್ಚು ಹೊತ್ತು ಬೇಕು, ಬ್ಯಾಗಿನ ಪಟ್ಟಿ ಉಜ್ಜಿದಲ್ಲಿ ಸವೆಯುತ್ತದೆ, ಮುಳ್ಳು ಸಿಕ್ಕಿದರೆ ತೂತು.

ನೈಲಾನ್ ಒಳ್ಳೆಯದೋ ಪಾಲಿಯೆಸ್ಟರ್ ಒಳ್ಳೆಯದೋ?

ಅಂಗಿಗೆ ಪಾಲಿಯೆಸ್ಟರ್, ಪ್ಯಾಂಟಿಗೆ ನೈಲಾನ್. ಸಾಮಾನ್ಯ ಹವೆಯಲ್ಲಿ ಪಾಲಿಯೆಸ್ಟರ್ ಹೀರುವ ತೇವ ಅದರ ತೂಕದ ನೂರಕ್ಕೆ ಅರ್ಧವೂ ಇಲ್ಲ, ನೈಲಾನ್ ಸುಮಾರು 4, ಹತ್ತಿ ಸುಮಾರು 8. ಹಾಗಾಗಿ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ಉಜ್ಜಾಟ ತಾಳುವುದರಲ್ಲಿ ನೈಲಾನ್ ಮುಂದು. ಮುರಕಲ್ಲಿನ ಮೇಲೆ ಕುಳಿತು ಜಾರಿಕೊಂಡು ಇಳಿಯುವ ದಾರಿಗಳಲ್ಲಿ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟಿನ ಹಿಂಭಾಗ ಬೇಗ ಜಾಳಾಗುತ್ತದೆ.

ಹೆಣೆದದ್ದೋ ನೇಯ್ದದ್ದೋ ಎನ್ನುವುದೂ ಮುಖ್ಯ. ಟ್ರ್ಯಾಕ್ ಪ್ಯಾಂಟಿನಂಥ ಹೆಣಿಗೆ ಬಟ್ಟೆಗೆ ಹುಲ್ಲಿನ ಅಂಟುಬೀಜಗಳು ಚುಚ್ಚಿಕೊಂಡು ಒಳಗೆ ಇಳಿಯುತ್ತವೆ. ನವೆಂಬರ್ ನಂತರ ಒಣಗಿದ ಹುಲ್ಲಿನ ನಡುವೆ ನಡೆದು ಬಂದವರಿಗೆ ಇದು ಗೊತ್ತು. ನುಣುಪಾಗಿ ನೇಯ್ದ ನೈಲಾನ್ ಪ್ಯಾಂಟನ್ನು ಒಮ್ಮೆ ಕೊಡವಿದರೆ ಹೆಚ್ಚಿನವು ಉದುರುತ್ತವೆ.

ಬಿದಿರಿನ ಬಟ್ಟೆ ನೈಸರ್ಗಿಕ, ತಂಪು ಅನ್ನುತ್ತಾರೆ. ತೆಗೆದುಕೊಳ್ಳಬಹುದಾ?

ಮಾರುಕಟ್ಟೆಯ ಬಿದಿರಿನ ಬಟ್ಟೆ ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನೂಲು. ಹತ್ತಿಗಿಂತ ಹೆಚ್ಚು ತೇವ ಹೀರುತ್ತದೆ. ನೆನೆದಾಗ ಜೋಲುತ್ತದೆ, ಬಲ ಬಹಳಷ್ಟು ಕಳೆದುಕೊಳ್ಳುತ್ತದೆ. ಕುರ್ತಿ, ಲೆಗ್ಗಿಂಗ್ಸ್‌ಗಳಲ್ಲೂ ಇದೇ ವಿಸ್ಕೋಸ್ ಅಥವಾ ರೇಯಾನ್ ಬೆರೆತಿರುತ್ತದೆ, ಲೇಬಲ್ ನೋಡಿ. ಮನೆಯಲ್ಲಿ ಮಲಗಲು ಚೆನ್ನ, ನಡೆಯಲು ಅಲ್ಲ.

ಹಾಗಾದರೆ ನಮ್ಮ ಬೈರಾಸು, ಖಾದಿಗೆ ಜಾಗವೇ ಇಲ್ಲವಾ?

ಬೈರಾಸಿಗೆ ಖಂಡಿತ ಇದೆ. ಟರ್ಕಿ ಟವೆಲ್ ಬದಲು ತೆಳು ಬೈರಾಸೊಂದನ್ನು ಪ್ರತಿ ಚಾರಣಕ್ಕೂ ಒಯ್ಯಿರಿ. ಅದು ಹತ್ತಿಯೇ, ಆದರೆ ಜಾಳು ನೇಯ್ಗೆ, ಗಾಳಿ ಆಡುತ್ತದೆ, ಬ್ಯಾಗಿನ ಮೇಲೆ ಹಾಸಿಕೊಂಡು ನಡೆದರೆ ಬಿಸಿಲಿಗೆ ಒಣಗಿಬಿಡುತ್ತದೆ. ತೋಡಿನಲ್ಲಿ ಅದ್ದಿ ಕುತ್ತಿಗೆಗೆ ಸುತ್ತಿದರೆ ಬಯಲು ದಾರಿಯಲ್ಲಿ ಜೀವ ಬಂದಂತಾಗುತ್ತದೆ. ಒಗೆದ ಅಂಗಿಯನ್ನು ಅದರಲ್ಲಿ ಸುರುಳಿ ಸುತ್ತಿ ತಿರುಚಿದರೆ ಉಳಿದ ನೀರೂ ಇಳಿಯುತ್ತದೆ.

ತೆಳು ಖಾದಿ ಒಣಹವೆಯಲ್ಲಿ, ಸಮತಟ್ಟು ದಾರಿಯಲ್ಲಿ ಸೊಗಸು. ಮಳೆಗೂ ರಾತ್ರಿ ಉಳಿಯುವ ಚಾರಣಕ್ಕೂ ಅಲ್ಲ.

## ಮಳೆ, ಉಂಬಳ, ಉಜ್ಜುಗಾಯ

ದುಬಾರಿ ರೈನ್ ಜಾಕೆಟ್ ತಂದೆ. ಹೊರಗೆ ಮಳೆ, ಒಳಗೂ ಒದ್ದೆ. ಮೋಸ ಆಯ್ತಾ?

ಜಾಕೆಟ್ ಸೋರಿಲ್ಲ, ನಿಮ್ಮ ಬೆವರು ಹೊರಗೆ ಹೋಗಿಲ್ಲ. ಉಸಿರಾಡುವ ಪೊರೆಯ ಜಾಕೆಟ್‌ಗಳು ಕೆಲಸ ಮಾಡುವುದು ಒಳಗಿನ ಮತ್ತು ಹೊರಗಿನ ಹಬೆಯೊತ್ತಡದ ವ್ಯತ್ಯಾಸದಿಂದ. 35 ಡಿಗ್ರಿಯ ಒದ್ದೆ ಚರ್ಮದ ಬಳಿ ಹಬೆಯೊತ್ತಡ ಸುಮಾರು 5.6 ಕಿಲೋಪಾಸ್ಕಲ್. ಹೊರಗೆ 5 ಡಿಗ್ರಿ ಚಳಿ, ನೂರಕ್ಕೆ 80 ಆರ್ದ್ರತೆ ಇದ್ದರೆ ಅಲ್ಲಿ ಒತ್ತಡ 0.7 ಮಾತ್ರ, ಹಬೆ ಜೋರಾಗಿ ಹೊರಹೋಗುತ್ತದೆ. ಘಟ್ಟದ ಬುಡದಲ್ಲಿ ಜುಲೈಯಲ್ಲಿ 26 ಡಿಗ್ರಿ, 95 ಆರ್ದ್ರತೆ ಎಂದಿಟ್ಟುಕೊಳ್ಳಿ, ಹೊರಗೇ 3.2 ಇರುತ್ತದೆ. ತಳ್ಳುವ ಬಲ ಅರ್ಧಕ್ಕಿಳಿಯಿತು, ಹತ್ತುವ ಶ್ರಮದ ಬೆವರು ಮಾತ್ರ ದುಪ್ಪಟ್ಟು. ಪೊರೆ ಎಷ್ಟೇ ಒಳ್ಳೆಯದಾದರೂ ಅಷ್ಟು ಬೆವರನ್ನು ಸಾಗಿಸಲಾರದು.

ಲೇಬಲ್‌ನ 10,000 ಮಿ.ಮೀ. ಎನ್ನುವುದು ಬಟ್ಟೆ ಸೋರದೆ ತಡೆದುಕೊಳ್ಳುವ ನೀರಿನ ಕಂಬದ ಎತ್ತರ. ಬ್ಯಾಗಿನ ಪಟ್ಟಿ ಒತ್ತುವ ಭುಜದಲ್ಲಿ ನೀರು ಒಳನುಗ್ಗದಿರಲು ಅಷ್ಟಾದರೂ ಬೇಕು. ಪಕ್ಕದಲ್ಲಿರುವ ಇನ್ನೊಂದು ಅಂಕಿ, 24 ಗಂಟೆಯಲ್ಲಿ ಚದರ ಮೀಟರಿಗೆ ಇಷ್ಟು ಗ್ರಾಂ ಹಬೆ ಎನ್ನುವುದು, ಪ್ರಯೋಗಾಲಯದ ಹವೆಯಲ್ಲಿ ಅಳೆದದ್ದು. ನಮ್ಮ ಮಳೆಗೆ ಕೊಳ್ಳುವಾಗ ಆ ಅಂಕಿಗಿಂತ ಕಂಕುಳಿನ ಜಿಪ್ ಇದೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನ.

ಹಾಗಾದರೆ ಆಗುಂಬೆಯಂಥ ಮಳೆಗೆ ಎಂತ ಹಾಕುವುದು?

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಅಲ್ಲಿ ಒಣಗಿರುತ್ತೇನೆ ಎಂಬ ಆಸೆ ಬಿಟ್ಟು, ಒದ್ದೆಯಾದರೂ ಬೆಚ್ಚಗಿರುವ ದಾರಿ ಹುಡುಕಬೇಕು. ಬ್ಯಾಗನ್ನೂ ಮುಚ್ಚುವ ಅಗಲದ ಪಾಂಚೋ ನಮ್ಮ ಮೊದಲ ಆಯ್ಕೆ. ಗದ್ದೆ ನೆಡುವವರ ಗೊರಬಿನಂತೆ ಅದು ಮೇಲಿಂದ ಮುಚ್ಚಿ ಕೆಳಗೆ ತೆರೆದಿರುವುದರಿಂದ ಗಾಳಿ ಆಡುತ್ತದೆ. ಒಳಗೆ ತೆಳು ಪಾಲಿಯೆಸ್ಟರ್ ಅಂಗಿ, ತೆಳು ನೈಲಾನ್ ಪ್ಯಾಂಟು, ಅಷ್ಟೇ. ಗಾಳಿ ಬೀಸುವ ಬೋಳುಗುಡ್ಡದ ಏಣಿನಲ್ಲಿ ಪಾಂಚೋ ಹಾರಾಡಿ ಕಾಲು ಕಾಣಿಸದಂತೆ ಮಾಡುತ್ತದೆ, ಅಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ ಇಲ್ಲವೇ ಜಾಕೆಟ್‌ಗೆ ಬದಲಾಯಿಸಿ. ರಾತ್ರಿಗೆಂದು ಇಟ್ಟ ಒಣಬಟ್ಟೆಯನ್ನು ಬ್ಯಾಗಿನ ಹೊರಕವಚ ನಂಬಿ ಬಿಡಬೇಡಿ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ತಿರುಚಿ ಕಟ್ಟಿಡಿ.

ಉಂಬಳ ಹತ್ತದ ಬಟ್ಟೆ ಯಾವುದು?

ಒತ್ತಾಗಿ ನೇಯ್ದದ್ದು. ಹೆಣೆದ ಸಾಕ್ಸ್ ಮತ್ತು ಲೆಗ್ಗಿಂಗ್ಸ್‌ನ ಕಣ್ಣುಗಳ ನಡುವೆ ಸಣ್ಣ ಉಂಬಳ ತೂರುತ್ತದೆ. ಮಂಡಿಯವರೆಗೆ ಬರುವ, ಒತ್ತು ನೇಯ್ಗೆಯ ಉಂಬಳ ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಬೇಕು. ದರ್ಜಿಯ ಹತ್ತಿರ ಹೊಲಿಸುವುದಾದರೆ ಒಂದು ಜೊತೆಗೆ ಮುಕ್ಕಾಲು ಮೀಟರ್ ಕೊಡೆಬಟ್ಟೆಯಂಥ ನೈಲಾನ್ ಸಾಕು, ಹೊಲಿಗೆ ಹೊರಮಗ್ಗುಲಿಗೆ ಬರಲಿ. ತಿಳಿಬಣ್ಣ ಆರಿಸಿ, ಹತ್ತುತ್ತಿರುವುದು ಕಾಣುತ್ತದೆ. ಹುಳಹುಪ್ಪಟೆ ದೂರವಿಡುವ ಡೀಟ್ ಎಂಬ ರಾಸಾಯನಿಕ ಇರುವ ಲೋಷನ್ ಹತ್ತಿ, ಉಣ್ಣೆ, ನೈಲಾನ್‌ಗೆ ತೊಂದರೆ ಕೊಡದು. ಎಲಾಸ್ಟೇನ್, ರೇಯಾನ್ ಮತ್ತು ವಾಚಿನ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ.

ಮಂಗನ ಕಾಯಿಲೆಯ ಉಣ್ಣಿಗೂ ಇದೇ ಸಾಕಾ?

ಅಂಗಿಯ ತೋಳು ಪೂರ್ತಿ ಇರಬೇಕು, ಪ್ಯಾಂಟು ಸಾಕ್ಸಿನ ಒಳಗೆ, ಅಂಗಿ ಪ್ಯಾಂಟಿನ ಒಳಗೆ. ಈ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾಯಿತು. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಎಂದರೆ ಚಾರಣದ ಕಾಲದಲ್ಲೇ, ಮರಿ ಉಣ್ಣಿಗಳು ಹೆಚ್ಚು. ಆರೋಗ್ಯ ಇಲಾಖೆ ಎಚ್ಚರಿಸಿದ ಕಾಡಿಗೆ ಹೋಗಲೇಬೇಡಿ. ಬೇರೆಡೆ ಹೋಗಿ ಬಂದರೂ ಬಟ್ಟೆಯನ್ನು ಕೋಣೆಯೊಳಗೆ ಬಿಸಾಡದೆ ನೇರ ಬಿಸಿನೀರಿಗೆ ಹಾಕಿ, ಮೈಯೆಲ್ಲ ಪರೀಕ್ಷಿಸಿ ಸ್ನಾನ ಮಾಡಿ. ಮರುದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಿ.

ತೊಡೆಸಂದಿ ಉಜ್ಜಿ ಉರಿಯುತ್ತದೆ, ನಡೆಯಲಿಕ್ಕೇ ಆಗುವುದಿಲ್ಲ. ಎಂತ ಮಾಡುವುದು?

ಕಾಟನ್ ಒಳಚಡ್ಡಿ ಬಿಡಿ. ನೈಲಾನ್ ಸುಮಾರು 80, ಎಲಾಸ್ಟೇನ್ 20 ಇರುವ, ತೊಡೆಯ ಮೇಲೆ 6ರಿಂದ 8 ಅಂಗುಲ ಇಳಿಯುವ ಬಿಗಿ ಚಡ್ಡಿ ಹಾಕಿ. ಚರ್ಮದ ಮೇಲೆ ಚರ್ಮ ಉಜ್ಜುವ ಬದಲು ಬಟ್ಟೆಯ ಮೇಲೆ ಬಟ್ಟೆ ಜಾರುತ್ತದೆ. ಹೊಲಿಗೆ ಚಪ್ಪಟೆ ಇರಬೇಕು, ಬೆರಳಾಡಿಸಿದರೆ ಉಬ್ಬು ತಿಳಿಯಬಾರದು. ಹೊರಡುವ ಮೊದಲೇ ವ್ಯಾಸಲಿನ್ ಹಚ್ಚಿ. ಉರಿ ಶುರುವಾದ ಮೇಲೆ ಬೆವರಿನ ಉಪ್ಪು ತೊಳೆದು, ಒರೆಸಿ, ಮತ್ತೆ ಹಚ್ಚಬೇಕು. ಉಪ್ಪಿನ ಮೇಲೆಯೇ ಹಚ್ಚಿದರೆ ಮರಳುಕಾಗದದಿಂದ ತಿಕ್ಕಿದ ಹಾಗೆ. ಹೆಂಗಸರ ಸ್ಪೋರ್ಟ್ಸ್ ಬ್ರಾದಲ್ಲಿ ದಪ್ಪ ಪ್ಯಾಡ್ ಇದ್ದರೆ ಕಳಚಿಡಿ, ಇಡೀ ಉಡುಪಿನಲ್ಲಿ ಕೊನೆಗೆ ಒಣಗುವುದು ಅದೇ.

ಸಾಕ್ಸ್ ಯಾವುದು?

ಮೆರಿನೋ 60ರಿಂದ 70, ಉಳಿದದ್ದು ನೈಲಾನ್, ಸ್ವಲ್ಪ ಎಲಾಸ್ಟೇನ್. ಮಳೆಯಲ್ಲಿ ಹಳ್ಳ ದಾಟುತ್ತಲೇ ಇರುವುದಾದರೆ ತೆಳು ನೈಲಾನ್. ಕಾಟನ್ ಸಾಕ್ಸ್ ನೆನೆದು ಮಡಿಕೆ ಬಿದ್ದಲ್ಲಿ ಬೊಬ್ಬೆ ಏಳುತ್ತದೆ. ಎರಡು ಜೊತೆ ನಡೆಯಲು, ಒಂದು ಜೊತೆ ಮಲಗಲು ಮಾತ್ರ. ಆ ಮೂರನೆಯದನ್ನು ಏನೇ ಆದರೂ ನಡೆಯಲು ಹಾಕಬೇಡಿ. ರಾತ್ರಿಯಾದರೂ ಪಾದ ಒಣಗದಿದ್ದರೆ ಬೆರಳಸಂದಿಯಲ್ಲಿ ಕೆಸರುಹುಣ್ಣು ಖಚಿತ.

## ಹಲವು ದಿನದ ನಡಿಗೆ

ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತೇವೆ. ಪಂಚೆ ಸಾಕಾ?

ಪಂಚೆ ಗಾಳಿಗೆ ಒಳ್ಳೆಯದು, ಒಳಗೆ ಮೇಲೆ ಹೇಳಿದ ಉದ್ದ ಚಡ್ಡಿ ಇರಲಿ. ಡಾಂಬರು ರಸ್ತೆಯ ಬಿಸಿಲಿಗೆ ಉದ್ದ ತೋಳಿನ ಒತ್ತು ನೇಯ್ಗೆಯ ಅಂಗಿ ಬೇಕು. ತೆಳು ಬಿಳಿ ಬನಿಯನ್ ಬಿಸಿಲನ್ನು ಸಾಕಷ್ಟು ಒಳಬಿಡುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಯುಪಿಎಫ್ 50 ಎಂದು ಬರೆದ ಬಟ್ಟೆ ಅತಿನೇರಳೆ ಕಿರಣದ 50ರಲ್ಲಿ ಒಂದು ಪಾಲನ್ನು ಮಾತ್ರ ಬಿಡುತ್ತದೆ. ರಾತ್ರಿ ನಡೆಯುವವರು ಬೆನ್ನಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಹೊಲಿಸಿಕೊಳ್ಳಲೇಬೇಕು.

ಹಿಮಾಲಯಕ್ಕೆ ಮೊದಲ ಸಲ. ಸ್ವೆಟರ್ ಎಷ್ಟು ಒಯ್ಯಬೇಕು?

ದಪ್ಪದ್ದೊಂದರ ಬದಲು ತೆಳು ಪದರಗಳು. ಮೈಗೆ ತಾಗುವಂತೆ 150 ಜಿಎಸ್‌ಎಂ ಮೆರಿನೋ ಅಥವಾ ಪಾಲಿಯೆಸ್ಟರ್, ಅದರ ಮೇಲೆ 100 ಜಿಎಸ್‌ಎಂನ ಫ್ಲೀಸ್ (ಪಾಲಿಯೆಸ್ಟರ್‌ನ ಮೆತ್ತನೆಯ ಬೆಚ್ಚನೆ ಬಟ್ಟೆ), ನಿಂತಾಗ ಹಾಕಲು ತುಂಬಿದ ಜಾಕೆಟ್, ಎಲ್ಲಕ್ಕೂ ಮೇಲೆ ಮಳೆಗಾಳಿ ತಡೆಯುವ ಕವಚ. ನಡೆಯಲು ಎರಡು ಜೊತೆ, ಮಲಗಲು ಒಂದು ಜೊತೆ. ಕರಾವಳಿಯವರು ಸಾಮಾನ್ಯವಾಗಿ ಚಳಿಗೆ ಹೆದರಿ ಎಲ್ಲವನ್ನೂ ಹಾಕಿಕೊಂಡೇ ನಡೆಯುತ್ತಾರೆ. ಒಳಗೆ ಬೆವರಿ, ನಿಂತ ಕೂಡಲೇ ಅದೇ ಬೆವರಿನಿಂದ ನಡುಗುತ್ತಾರೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಹತ್ತು ನಿಮಿಷ ಹತ್ತಿದರೆ ಸರಿಯಾಗುತ್ತದೆ.

ತುಂಬಿದ ಜಾಕೆಟ್‌ಗಳಲ್ಲಿ ಹಕ್ಕಿಯ ತುಪ್ಪಳದ್ದು ಹಗುರ ಮತ್ತು ಬೆಚ್ಚಗೆ, ಆದರೆ ನೆನೆದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಒಣ ಚಳಿಗೆ ಅದು, ಮಳೆ ಬರುವ ತಿಂಗಳಿಗೆ ಸಿಂಥೆಟಿಕ್ ತುಂಬಿದ್ದು.

ಮೊದಲು ಹನಿ ಜಾರುತ್ತಿತ್ತು, ಈಗ ಜಾಕೆಟ್ ಮೇಲೆಯೇ ಒದ್ದೆ ಕುಳಿತುಕೊಳ್ಳುತ್ತದೆ. ಹಾಳಾಯಿತಾ?

ಮೇಲ್ಪದರದ ನೀರು ತಳ್ಳುವ ಲೇಪ ಮಣ್ಣು, ಜಿಡ್ಡಿನಿಂದ ಮುಚ್ಚಿದೆ. ಸೌಮ್ಯ ದ್ರವಸಾಬೂನಿನಲ್ಲಿ ಒಗೆದು, ಸಾಬೂನಿನಂಶ ಹೋಗುವಂತೆ ಎರಡು ಸಲ ಜಾಲಾಡಿ ಒಣಗಿಸಿ. ಲೇಬಲ್ ಒಪ್ಪಿದರೆ, ಮೇಲೆ ಬೈರಾಸು ಹಾಸಿ, ಹಬೆಯಿಲ್ಲದ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಶಾಖಕ್ಕೆ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ಉರುಳದಿದ್ದರೆ ಲೇಪದ ಸ್ಪ್ರೇ ಹೊಡೆಯಬೇಕು.

ಕಪಾಟಿನಲ್ಲಿಟ್ಟ ಪಾಂಚೋ ಅಂಟಂಟಾಗಿ ಒಳಗಿನ ಪದರ ಸಿಪ್ಪೆ ಏಳುತ್ತಿದೆ. ಯಾಕೆ?

ಪಾಲಿಯುರೆಥೇನ್ ಲೇಪವನ್ನು ಗಾಳಿಯ ತೇವವೇ ನಿಧಾನಕ್ಕೆ ಒಡೆಯುತ್ತದೆ, ಸೆಕೆ ಸೇರಿದರೆ ಬೇಗ. ನಮ್ಮ ಮನೆಗಳಲ್ಲಿ ಎರಡೂ ಇವೆ. ಒಮ್ಮೆ ಸಿಪ್ಪೆ ಎದ್ದರೆ ಸರಿಮಾಡಲು ಬರುವುದಿಲ್ಲ. ಹೊಸದನ್ನಾದರೂ ಪೂರ್ತಿ ಒಣಗಿಸಿ, ಮಡಚದೆ, ಗಾಳಿಯಾಡುವಲ್ಲಿ ನೇತುಹಾಕಿ. ಸಿಲಿಕೋನ್ ಲೇಪದ ನೈಲಾನ್‌ಗೆ ಈ ಕಾಟ ಬಹಳ ಕಡಿಮೆ, ಮುಂದಿನ ಪಾಂಚೋ ಅಂಥದ್ದನ್ನು ನೋಡಿ.

ಕಪಾಟಿನಲ್ಲಿಡುವ ಉಣ್ಣೆಗೂ ಜಾಗ್ರತೆ ಬೇಕು. ಅದನ್ನು ಅಂಟುವಾಳದ ನೊರೆಯಲ್ಲಿ ತಣ್ಣೀರಿನಿಂದ ತೊಳೆದು, ತಿರುಚದೆ ಒತ್ತಿ, ಮಲಗಿಸಿ ಒಣಗಿಸಿ. ಬೆವರಿನ ಕಲೆ ಇದ್ದಲ್ಲಿ ಹುಳು ಮೊದಲು ಹತ್ತುತ್ತದೆ. ಲಾವಂಚದ ಬೇರು ಇಟ್ಟರೆ ಪರಿಮಳ ಚೆನ್ನ, ಆದರೆ ಹುಳ ತಡೆಯುವುದು ಶುಚಿ ಮತ್ತು ಬಿಗಿಮುಚ್ಚಳದ ಡಬ್ಬ. ಡಬ್ಬದಲ್ಲಿ ಸಿಲಿಕಾ ಜೆಲ್‌ನ ಪೊಟ್ಟಣ ಹಾಕಿ, ಮೇ ಮುಗಿಯುವುದರೊಳಗೆ ಮುಚ್ಚಿಬಿಡಿ. ಜೂನ್‌ನಲ್ಲಿ ಮುಚ್ಚಿದರೆ ತೇವವನ್ನೂ ಸೇರಿಸಿ ಮುಚ್ಚಿದಂತೆ.